ಬಂದ್ ಕಾಲದ 61 ದಿನ, ಮಾರ್ಕನ 16 ಅಧ್ಯಾಯ

ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ಬಂದ್; ನಮ್ಮ ಕಡೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಒಟ್ಟು 61 ದಿನ. ದಿನಾ ಬೈಬಲ್ ಓದಬೇಕು ಅಂದುಕೊಂಡು ಪ್ರತಿ ವರ್ಷ ಅರ್ಧಕ್ಕೇ ಬಿಡುವವರಿಗೆ ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಮಾರ್ಕನದೇ ಚಿಕ್ಕದು. ದಿನಕ್ಕೆ ಹನ್ನೊಂದು ಹನ್ನೆರಡು ವಚನ ಓದಿದರೆ ದೋಣಿ ಹೊರಡುವಷ್ಟರಲ್ಲಿ ಪುಸ್ತಕ ಮುಗಿದಿರುತ್ತದೆ. ಲೆಕ್ಕಕ್ಕೆ ಕಟ್ಟುಬಿದ್ದು ಕಥೆಯನ್ನು ನಡುವೆ ಕತ್ತರಿಸಬೇಡಿ. ಪ್ರಸಂಗ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲಿಸಿ. ಒಂದು ದಿನ ಏಳು ವಚನವಾದರೆ ಮರುದಿನ ಹದಿನೈದಾಗಲಿ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದ ಶುರು ಮಾಡುವ ಉಮೇದು ಬಹಳ ಜನರಿಗಿರುತ್ತದೆ. ಕಥೆ ಇರುವಷ್ಟು ದಿನ ಸಲೀಸು. ಎರಡನೆಯ ಪುಸ್ತಕ ವಿಮೋಚನಕಾಂಡದ 25ನೇ ಅಧ್ಯಾಯದಿಂದ ಆರಾಧನೆಯ ಗುಡಾರದ ಅಳತೆ, ಪರದೆ, ಕಂಬಗಳ ವಿವರ ಬರುತ್ತದೆ. ಹೆಚ್ಚಿನವರ ದೋಣಿ ಮರಳಿಗೆ ತಾಗುವುದು ಅಲ್ಲೇ. ಇಗರ್ಜಿಯ ಕ್ಯಾಲೆಂಡರಿನಂತೆ ಪೂಜೆಯ ವಾಚನಗಳನ್ನು ಓದುವುದೂ ಒಂದು ದಾರಿ. ಭಾನುವಾರದ್ದು ಮೂರು ವರ್ಷಕ್ಕೊಮ್ಮೆ, ವಾರದ ದಿನಗಳದ್ದು ಎರಡು ವರ್ಷಕ್ಕೊಮ್ಮೆ ಸುತ್ತು ಬರುತ್ತದೆ. ಆದರೆ ಹೊಸಬರು ಒಂದೇ ಪುಸ್ತಕವನ್ನು ಹಿಡಿದು ಕೊನೆ ಮುಟ್ಟಿಸುವುದು ಮೇಲು.

ಇಪ್ಪತ್ತು ನಿಮಿಷ ಸಾಕು. ಈಗಾಗಲೇ ದಿನಾ ನಡೆಯುವ ಒಂದು ಕೆಲಸಕ್ಕೆ ಅದನ್ನು ಕಟ್ಟಿಬಿಡಿ: ಬೆಳಗಿನ ಚಾ ಆದ ಮೇಲೆ, ಇಲ್ಲವೇ ಸಂಜೆಯ ತೇರ್ಸ್‌ಗೆ (ಜಪಸರದ ಪ್ರಾರ್ಥನೆಗೆ) ಮೊದಲು. 'ಬಿಡುವಾದಾಗ' ಅಂದುಕೊಂಡರೆ ಬಿಡುವು ಆಗುವುದೇ ಇಲ್ಲ. ಮೊಬೈಲಿನಲ್ಲಿ ಓದುವವರು ಮೊದಲು ಡೇಟಾ ಬಂದ್ ಮಾಡಲಿ.

ಓದುವ ರೀತಿಗೆ ಮಾರ್ಕ 4:35ರಿಂದ 41ರವರೆಗಿನ ಬಿರುಗಾಳಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಎರಡು ನಿಮಿಷ ಸುಮ್ಮನೆ ಕೂತು, ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ಗಟ್ಟಿಯಾಗಿ ಓದಿ. ಗಟ್ಟಿಯಾಗಿ ಓದುವಾಗ ಕಣ್ಣು ಹಾರಿಸಿದ್ದನ್ನು ಕಿವಿ ಹಿಡಿಯುತ್ತದೆ. ಆಮೇಲೆ 'ಇದರಲ್ಲಿ ನನಗೇನಿದೆ' ಎಂದು ಕೇಳುವ ಮೊದಲು 'ಇದರಲ್ಲಿ ಏನೇನಿದೆ' ಎಂದು ಹುಡುಕಿ. ಸಂಜೆಯ ಹೊತ್ತು. ಜೊತೆಗೆ ಬೇರೆ ದೋಣಿಗಳೂ ಇದ್ದವು. ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಕೊಟ್ಟು ಮಲಗಿದ್ದರು. ಶಿಷ್ಯರು ಬೇಡಿಕೊಳ್ಳುವುದಿಲ್ಲ, 'ನಾವು ಮುಳುಗುತ್ತಿದ್ದರೂ ನಿಮಗೆ ಚಿಂತೆಯಿಲ್ಲವೇ' ಎಂದು ದೂರುತ್ತಾರೆ. ಅವರು ಬಹಳ ಹೆದರಿದರು ಎಂಬ ಮಾತು ಬರುವುದು ಗಾಳಿ ಎದ್ದಾಗಲ್ಲ, ನೀರು ಶಾಂತವಾದ ಮೇಲೆ. ಅವಸರದಲ್ಲಿ ಓದಿದವರಿಗೆ ಈ ಕೊನೆಯದು ಕಾಣುವುದೇ ಇಲ್ಲ.

ಇಲ್ಲಿ ಕರಾವಳಿಯವರಿಗೇ ಒಂದು ತೊಡಕಿದೆ. ಹಳೆಯ ಅನುವಾದದಲ್ಲಿ 'ಗಲಿಲಾಯ ಸಮುದ್ರ' ಎಂದು ಓದಿದೊಡನೆ ಕಾರವಾರದ ಬೈತಖೋಲ ಬಂದರು ಕಣ್ಣೆದುರು ಬರುತ್ತದೆ. ಅದು ಸಿಹಿನೀರಿನ ಸರೋವರ: ಸುಮಾರು 21 ಕಿಲೋಮೀಟರ್ ಉದ್ದ, 13 ಅಗಲ, ಕಡಲಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಸುತ್ತಲ ಗುಡ್ಡಗಳಿಂದ ಗಾಳಿ ಒಮ್ಮೆಲೇ ಇಳಿಯುತ್ತದೆ, ನುರಿತ ಮೀನುಗಾರರೂ ಸಿಕ್ಕಿಬೀಳುವುದು ಅದಕ್ಕೇ. ಬಲೆಯ ವಿಷಯದಲ್ಲಿ ಮಾತ್ರ ನಮಗೇ ಅನುಕೂಲ. ಮಾರ್ಕ 1:16ರಲ್ಲಿ ಸಿಮೋನ, ಅಂದ್ರೆಯ ಹಾಕುತ್ತಿದ್ದದ್ದು ಬೀಸುಬಲೆ. ಮತ್ತಾಯ 13:47ರ ಮೂಲ ಗ್ರೀಕ್ ಪದ ದಡಕ್ಕೆ ಎಳೆಯುವ ಉದ್ದನೆಯ ಬಲೆಯದು. ನಮ್ಮ ರಂಪಣಿಯೂ ಅಂಥದ್ದೇ ಬಲೆ; ಅದನ್ನು ಎಳೆದು, ದಂಡೆಯ ಮೇಲೆ ಕೂತು ಮೀನು ಆರಿಸಿದವರಿಗೆ ಮುಂದಿನ ವಚನಕ್ಕೆ ಪಂಡಿತರ ವ್ಯಾಖ್ಯಾನ ಬೇಕಿಲ್ಲ.

ಓದಿದ ಮೇಲೆ ನೋಟುಬುಕ್ಕಿನಲ್ಲಿ ಮೂರೇ ಸಾಲು: ಅಧ್ಯಾಯ ಮತ್ತು ವಚನ, ಇವತ್ತು ಕಣ್ಣಿಗೆ ಬಿದ್ದ ಒಂದು ಸಂಗತಿ, ಇವತ್ತು ಮಾಡಬೇಕಾದ ಒಂದು ಕೆಲಸ. 'ಎಲ್ಲರನ್ನೂ ಪ್ರೀತಿಸಬೇಕು' ಎಂದು ಬರೆದರೆ ಸಂಜೆಗೆ ಮರೆತಿರುತ್ತೀರಿ. 'ಜಾಗದ ತಕರಾರಿನಲ್ಲಿ ಮಾತು ಬಿಟ್ಟ ಅಣ್ಣನಿಗೆ ಫೋನ್' ಎಂದು ಬರೆದರೆ ಮಾಡಿದಿರೋ ಇಲ್ಲವೋ ರಾತ್ರಿ ತಿಳಿಯುತ್ತದೆ. ಉಳಿದ ಐದಾರು ನಿಮಿಷ ಓದಿದ ಮಾತನ್ನೇ ಹಿಡಿದು ಪ್ರಾರ್ಥಿಸಿ. ಓದಿದ್ದು ಕನ್ನಡದಲ್ಲಾದರೂ ಪ್ರಾರ್ಥನೆ ಕೊಂಕಣಿಯಲ್ಲಿ ಬಂದರೆ ಕೊಂಕಣಿಯಲ್ಲೇ ಆಗಲಿ. ಶಿಷ್ಯರ ಹಾಗೆ ದೂರುವುದಿದ್ದರೆ ದೂರಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪವಿತ್ರ ಗ್ರಂಥದೊಳಗೇ ಇದೆ.

ಎರಡು ದಿನ ತಪ್ಪಿದರೆ ಮೂರನೆಯ ದಿನ ಮೂರು ಪಾಲು ಓದಲು ಹೋಗಬೇಡಿ. ಅದು ಸಾಲ ತೀರಿಸಿದಂತಾಗಿ, ನಾಲ್ಕನೆಯ ದಿನ ಪುಸ್ತಕ ಕಂಡರೇ ಬೇಸರವಾಗುತ್ತದೆ. ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ, ಮುಗಿಯುವುದು ಎರಡು ದಿನ ತಡವಾದರೆ ಏನೂ ಆಗುವುದಿಲ್ಲ. ಕಣ್ಣು ಮುಚ್ಚಿ ಪುಟ ತೆರೆದು, ಬೆರಳಿಟ್ಟ ವಚನವೇ ಇವತ್ತಿನ ಉತ್ತರ ಎನ್ನುವ ರೂಢಿಯನ್ನಂತೂ ಬಿಡಲೇಬೇಕು. ಅದು ಕಣಿ ಕೇಳುವುದು, ಓದುವುದಲ್ಲ.

ಬೈಬಲಿನ ಹಾಳೆ ತೆಳು, ನಮ್ಮ ಮಳೆ ಜೋರು. ಇಂಕು ಹಿಂದಿನ ಪುಟಕ್ಕೆ ಇಳಿಯುವುದರಿಂದ ಪೆನ್ಸಿಲಿನಲ್ಲೇ ಗೆರೆ ಎಳೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ; ಹತ್ತಿ ಬಟ್ಟೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗದಂತೆ ಇಡಿ. ಕರೆಂಟ್ ಹೋಗುವ ಊರಲ್ಲಿ ಪಕ್ಕದಲ್ಲೊಂದು ಟಾರ್ಚ್ ಇರಲಿ.

ಕೊನೆಯ ದಿನಕ್ಕೆ ಒಂದು ಸೂಚನೆ. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಮಾರ್ಕನ ಗ್ರಂಥ 16:8ಕ್ಕೇ ನಿಲ್ಲುತ್ತದೆ: ಹೆಂಗಸರು ಸಮಾಧಿಯಿಂದ ಓಡಿಹೋಗುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. ಅಲ್ಲಿ ಒಂದು ದಿನ ನಿಂತು, 9ರಿಂದ 20ನ್ನು ಮರುದಿನ ಓದಿ. ಮುಂದೆ ಲೂಕ, ಅದಾದ ಮೇಲೆ ಪ್ರೇಷಿತರ ಕಾರ್ಯಕಲಾಪಗಳು. ಎರಡೂ ಒಂದೇ ಕೈಯ ಬರಹ, 52 ಅಧ್ಯಾಯ. ಆಗಸ್ಟಿನಲ್ಲಿ ನಸುಕಿಗೇ ದೋಣಿಗೆ ಹೊರಡುವವರು ಓದನ್ನು ಹಿಂದಿನ ರಾತ್ರಿ ಊಟಕ್ಕೆ ಮೊದಲಿನ ಹೊತ್ತಿಗೆ ಬದಲಿಸಿಕೊಳ್ಳಿ. ಊಟವಾದ ಮೇಲೆ ಕೂತರೆ ಮೂರನೆಯ ವಚನಕ್ಕೇ ನಿದ್ದೆ ಬರುತ್ತದೆ.