ಸಿಮ್ಸ್ 4ಕ್ಕೆ ಕಸ್ಟಮ್ ಕಂಟೆಂಟ್: ಹಾಕುವ ಬಗೆ, ಕೆಟ್ಟರೆ ಹುಡುಕುವ ಬಗೆ

ಸಿಮ್ಸ್ 4ರಲ್ಲಿ ಕಚ್ಚೆ ಸೀರೆ ಉಟ್ಟ ಅಜ್ಜಿ ಬೇಕು, ನಡುಮನೆಯಲ್ಲಿ ತೂಗುಯ್ಯಾಲೆ ಬೇಕು ಎಂದರೆ ಗೇಮ್ ಜೊತೆ ಬರುವ ಸಾಮಾನು ಸಾಲುವುದಿಲ್ಲ. ಆಟಗಾರರೇ ಮಾಡಿ ಹಂಚುವ ಕಸ್ಟಮ್ ಕಂಟೆಂಟ್ ಹಾಕಿಕೊಳ್ಳಬೇಕು. ಎಲ್ಲರೂ ಚಿಕ್ಕದಾಗಿ ಸಿಸಿ ಅನ್ನುವುದು ಇದಕ್ಕೇ. ಮೂಲ ಗೇಮ್ 2022ರ ಅಕ್ಟೋಬರ್‌ನಿಂದ ಉಚಿತ, ಸಿಸಿಯಲ್ಲೂ ಬಹುಪಾಲು ಉಚಿತ. ಫೈಲ್ ಹಾಕುವುದು ಐದು ನಿಮಿಷದ ಕೆಲಸ. ನಾನೂರು ಫೈಲ್ ತುಂಬಿದ ಮೇಲೆ ಅದರಲ್ಲಿ ಕೆಟ್ಟದ್ದು ಯಾವುದು ಎಂದು ಹುಡುಕುವುದೇ ತಲೆನೋವು. ಆದ್ದರಿಂದ ಮೊದಲ ದಿನದಿಂದಲೇ, ನಾಳೆ ತೆಗೆಯಲು ಸುಲಭವಾಗುವ ಹಾಗೆ ಹಾಕಿ.

ಇಲ್ಲಿ ಹೇಳಿರುವುದು ವಿಂಡೋಸ್ ಮತ್ತು ಮ್ಯಾಕ್‌ಗೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಲ್ಲಿ ಈ ದಾರಿ ಇಲ್ಲ.

ಸರಿಯಾದ ಫೋಲ್ಡರ್

ಗೇಮ್ ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಮ್ ಫೈಲ್ಸ್ ಕಡೆ ಹೋಗಲೇಬೇಡಿ. ಸಿಸಿ ಸೇರಬೇಕಾದ ಜಾಗ ಡಾಕ್ಯುಮೆಂಟ್ಸ್ → ಎಲೆಕ್ಟ್ರಾನಿಕ್ ಆರ್ಟ್ಸ್ → ದ ಸಿಮ್ಸ್ 4 → ಮಾಡ್ಸ್. ಇಎ ಆ್ಯಪ್‌ನಲ್ಲಿ ಆಡಿದರೂ ಸ್ಟೀಮ್‌ನಲ್ಲಿ ಆಡಿದರೂ ಜಾಗ ಇದೇ, ಮ್ಯಾಕ್‌ನಲ್ಲೂ ಇದೇ. ಗೇಮನ್ನು ಒಮ್ಮೆಯಾದರೂ ತೆರೆದು ಮುಚ್ಚದಿದ್ದರೆ ಈ ಫೋಲ್ಡರ್ ಹುಟ್ಟಿಯೇ ಇರುವುದಿಲ್ಲ.

ವಿಂಡೋಸ್‌ನಲ್ಲಿ ಇಲ್ಲೊಂದು ಗುಂಡಿ ಇದೆ. ಒನ್‌ಡ್ರೈವ್ ಆನ್ ಆಗಿದ್ದರೆ ಡಾಕ್ಯುಮೆಂಟ್ಸ್ ಅನ್ನುವುದು ಎರಡೆರಡು ಕಡೆ ಇರಬಹುದು, ಒಂದು ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ, ಇನ್ನೊಂದು ಒನ್‌ಡ್ರೈವ್ ಒಳಗೆ. ನೀವು ಒಂದರಲ್ಲಿ ಹಾಕುತ್ತೀರಿ, ಗೇಮ್ ಇನ್ನೊಂದರಲ್ಲಿ ಓದುತ್ತದೆ. ಗೇಮ್ ತೆರೆದು ಒಂದು ಸೇವ್ ಮಾಡಿ, ಎರಡೂ ಕಡೆಯ ಸೇವ್ಸ್ ಫೋಲ್ಡರ್ ನೋಡಿ. ಈಗಿನ ಸಮಯ ತೋರಿಸುವ ಫೈಲ್ ಎಲ್ಲಿದೆಯೋ ಅದೇ ಅಸಲಿ. ಸಾಧ್ಯವಾದರೆ ಒನ್‌ಡ್ರೈವ್‌ನ ಡಾಕ್ಯುಮೆಂಟ್ಸ್ ಬ್ಯಾಕಪ್ ನಿಲ್ಲಿಸಿಬಿಡಿ. ಗೇಮ್ ನಡೆಯುತ್ತಿರುವಾಗಲೇ ಅದು ಸೇವ್ ಫೈಲನ್ನು ಸಿಂಕ್ ಮಾಡಲು ಹೋದರೆ ಸೇವ್ ಎರರ್ ಬರುತ್ತದೆ.

ಮಾಡ್ಸ್ ಫೋಲ್ಡರ್ ಒಳಗೆ ರಿಸೋರ್ಸ್.ಸಿಎಫ್‌ಜಿ ಎಂಬ ಪುಟ್ಟ ಫೈಲ್ ಇರುತ್ತದೆ. ಎಷ್ಟು ಫೋಲ್ಡರ್ ಆಳದವರೆಗೆ ಹುಡುಕಬೇಕು ಎಂದು ಗೇಮ್‌ಗೆ ಹೇಳುವುದು ಅದೇ. ಅದನ್ನು ಮುಟ್ಟಬೇಡಿ. ಅಪ್ಪಿತಪ್ಪಿ ಅಳಿಸಿದರೆ ಮಾಡ್ಸ್ ಫೋಲ್ಡರ್ ಅನ್ನು ಡೆಸ್ಕ್‌ಟಾಪ್‌ಗೆ ಎಳೆದಿಟ್ಟು ಗೇಮ್ ತೆರೆಯಿರಿ, ಹೊಸ ಮಾಡ್ಸ್ ಫೋಲ್ಡರ್ ಜೊತೆ ಹೊಸ ಸಿಎಫ್‌ಜಿಯೂ ಬರುತ್ತದೆ. ಹಳೆಯ ಫೈಲುಗಳನ್ನು ಅದಕ್ಕೆ ತುಂಬಿಕೊಂಡರಾಯಿತು.

ಯಾವ ಫೈಲ್ ಎಲ್ಲಿಗೆ

ಮೊದಲು ವಿಂಡೋಸ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ. ಹೆಸರಿನ ಬಾಲ ಕಾಣದೆ ಈ ಕೆಲಸ ಮಾಡುವುದು ಕತ್ತಲಲ್ಲಿ ತಡಕಾಡಿದ ಹಾಗೆ.

ಬಟ್ಟೆ, ಕೂದಲು, ಪೀಠೋಪಕರಣ ಎಲ್ಲ ಬರುವುದು .ಪ್ಯಾಕೇಜ್ ಫೈಲ್ ಆಗಿ. ಇವು ಮಾಡ್ಸ್ ಒಳಗೆ ಐದು ಫೋಲ್ಡರ್ ಆಳದವರೆಗೆ ಇರಬಹುದು. ಆಟದ ನಡವಳಿಕೆಯನ್ನೇ ಬದಲಿಸುವ ಸ್ಕ್ರಿಪ್ಟ್ ಮಾಡ್‌ಗಳು .ಟಿಎಸ್4ಸ್ಕ್ರಿಪ್ಟ್ ಫೈಲುಗಳು, ಇವು ಒಂದೇ ಫೋಲ್ಡರ್ ಆಳಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಗೇಮ್ ತಕರಾರು ಮಾಡುವುದಿಲ್ಲ, ಸುಮ್ಮನೆ ಓದದೆ ಬಿಡುತ್ತದೆ. ಮಾಡ್ ಹಾಕಿದ್ದೀನಿ, ಏನೂ ಆಗುತ್ತಿಲ್ಲ ಎನ್ನುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬರುವುದು. ಎಂಸಿ ಕಮಾಂಡ್ ಸೆಂಟರ್ (ಚಿಕ್ಕದಾಗಿ ಎಂಸಿಸಿಸಿ) ಎಂಬ ಸ್ಕ್ರಿಪ್ಟ್ ಮಾಡ್‌ನ ಉದಾಹರಣೆ ನೋಡಿ. ಜಿಪ್ ಬಿಡಿಸಿದಾಗ ಹಲವು ಸ್ಕ್ರಿಪ್ಟ್ ಫೈಲುಗಳು ಮತ್ತು ಪ್ಯಾಕೇಜ್ ಹೊರಬರುತ್ತವೆ. ಎಲ್ಲವೂ ಒಂದೇ ಫೋಲ್ಡರ್‌ನಲ್ಲಿ ಒಟ್ಟಿಗಿರಬೇಕು, ಆ ಫೋಲ್ಡರ್ ನೇರವಾಗಿ ಮಾಡ್ಸ್ ಒಳಗಿರಬೇಕು. ಮಾಡ್ಸ್ → ಎಂಸಿಸಿಸಿ ಸರಿ. ಮಾಡ್ಸ್ → ಸ್ಕ್ರಿಪ್ಟ್ಸ್ → ಎಂಸಿಸಿಸಿ ತಪ್ಪು. ಸರಿಯಾಗಿ ಕೂತಿದ್ದರೆ ಆಟದೊಳಗೆ ಸಿಮ್ (ಆಟದ ಪಾತ್ರ) ಮನೆಯ ಕಂಪ್ಯೂಟರ್ ಕ್ಲಿಕ್ ಮಾಡಿದಾಗ ಅದರ ಮೆನು ಕಾಣುತ್ತದೆ.

ಜಿಪ್, ರಾರ್, 7ಜಡ್ ಫೈಲುಗಳನ್ನು ಬಿಡಿಸಿಯೇ ಹಾಕಬೇಕು. ಜಿಪ್ ಒಳಗಿನ ಬಟ್ಟೆ ಗೇಮ್‌ಗೆ ಕಾಣುವುದಿಲ್ಲ. ಆದರೆ .ಟಿಎಸ್4ಸ್ಕ್ರಿಪ್ಟ್ ಕೂಡ ಒಳಗಿಂದ ಜಿಪ್ಪೇ ಆಗಿರುವುದರಿಂದ ಕೆಲವು ಸಾಫ್ಟ್‌ವೇರ್ ಅದನ್ನೂ ಬಿಡಿಸಿ ಹರಡಿಬಿಡುತ್ತವೆ. ಅದನ್ನು ಹಾಗೇ ಇಡಬೇಕು. ಇನ್ನೊಂದು: ಸಿಮ್ಸ್ 2 ಮತ್ತು ಸಿಮ್ಸ್ 3ರ ಫೈಲುಗಳಿಗೂ .ಪ್ಯಾಕೇಜ್ ಎಂಬ ಬಾಲವೇ ಇದೆ. ಅವು ಇಲ್ಲಿ ನಡೆಯುವುದಿಲ್ಲ. ಡೌನ್‌ಲೋಡ್ ಪುಟದಲ್ಲಿ ಸಿಮ್ಸ್ 4 ಎಂದು ಬರೆದಿದೆಯೇ ನೋಡಿಯೇ ಇಳಿಸಿಕೊಳ್ಳಿ.

ಯಾರೋ ಕಟ್ಟಿದ ಮನೆ ಅಥವಾ ಮಾಡಿದ ಕುಟುಂಬ ಇಳಿಸಿಕೊಂಡರೆ .ಟ್ರೇಐಟಂ, .ಬ್ಲೂಪ್ರಿಂಟ್, .ಬಿಪಿಐ, .ಎಚ್‌ಎಚ್‌ಐ, .ಎಸ್‌ಜಿಐ ಮುಂತಾದ ಫೈಲುಗಳ ಗುಂಪು ಬರುತ್ತದೆ. ಇವು ಮಾಡ್ಸ್‌ಗೆ ಅಲ್ಲ, ಪಕ್ಕದ ಟ್ರೇ ಫೋಲ್ಡರ್‌ಗೆ, ಅದೂ ಯಾವ ಒಳಫೋಲ್ಡರ್ ಇಲ್ಲದೆ ನೇರವಾಗಿ. ಒಂದನ್ನೂ ಬಿಡಬೇಡಿ. ಆಮೇಲೆ ಗೇಮ್‌ನ ಗ್ಯಾಲರಿಯಲ್ಲಿ ಮೈ ಲೈಬ್ರರಿ ತೆರೆದು, ಅಡ್ವಾನ್ಸ್‌ಡ್ ಒಳಗಿನ ಇನ್‌ಕ್ಲೂಡ್ ಕಸ್ಟಮ್ ಕಂಟೆಂಟ್‌ಗೆ ಟಿಕ್ ಹಾಕಿ. ಈ ಟಿಕ್ ಇಲ್ಲದೆ ಸಿಸಿ ಇರುವ ಮನೆ ಲೈಬ್ರರಿಯಲ್ಲಿ ಕಾಣುವುದೇ ಇಲ್ಲ.

ಹಾಕುವ ಕ್ರಮ

1. ಗೇಮ್ ಮುಚ್ಚಿ. ಸೇವ್ಸ್ ಫೋಲ್ಡರ್‌ನ ಒಂದು ಪ್ರತಿಯನ್ನು ಬೇರೆ ಕಡೆ ಇಡಿ.
2. ಡೌನ್‌ಲೋಡ್ ಆದದ್ದನ್ನು ನೇರ ಮಾಡ್ಸ್‌ಗೆ ಬಿಡಿಸಬೇಡಿ. ಬೇರೊಂದು ಫೋಲ್ಡರ್‌ನಲ್ಲಿ ಬಿಡಿಸಿ, ಪ್ರಿವ್ಯೂ ಚಿತ್ರ, ರೀಡ್‌ಮಿ ಫೈಲ್ ತೆಗೆದು, ಬೇಕಾದ್ದನ್ನಷ್ಟೇ ಸಾಗಿಸಿ.
3. ಕೂದಲು, ಬಟ್ಟೆ, ಮನೆಸಾಮಾನು, ಸ್ಕ್ರಿಪ್ಟ್ ಎಂದು ಫೋಲ್ಡರ್ ಮಾಡಿ, ಅದರೊಳಗೆ ಮಾಡಿದವರ ಹೆಸರಿನಲ್ಲಿ ಇನ್ನೊಂದು. ಸ್ಕ್ರಿಪ್ಟ್‌ಗೆ ಮಾತ್ರ ಒಳಫೋಲ್ಡರ್ ಬೇಡ. ಫೋಲ್ಡರ್ ಮತ್ತು ಫೈಲಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಗೆ ಸೀಮಿತವಾಗಿಡಿ.
4. ಗೇಮ್ ತೆರೆದು ಗೇಮ್ ಆಪ್ಷನ್ಸ್ → ಅದರ್‌ಗೆ ಹೋಗಿ. ಎನೇಬಲ್ ಕಸ್ಟಮ್ ಕಂಟೆಂಟ್ ಅಂಡ್ ಮಾಡ್ಸ್‌ಗೆ ಟಿಕ್ ಹಾಕಿ. ಸ್ಕ್ರಿಪ್ಟ್ ಇದ್ದರೆ ಕೆಳಗಿನ ಸ್ಕ್ರಿಪ್ಟ್ ಮಾಡ್ಸ್ ಅಲೌಡ್‌ಗೂ ಹಾಕಿ, ಅಪ್ಲೈ ಒತ್ತಿ.
5. ಗೇಮ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಶುರುವಿನಲ್ಲಿ ಬರುವ ಪಟ್ಟಿಯಲ್ಲಿ ನಿಮ್ಮ ಫೈಲಿನ ಹೆಸರಿದ್ದರೆ ಗೇಮ್ ಅದನ್ನು ಓದಿದೆ ಎಂದರ್ಥ.

ಸಾಮಾನು ಹುಡುಕಲು ಬಿಲ್ಡ್ ಮೋಡ್‌ನ ಫಿಲ್ಟರ್‌ನಲ್ಲಿ ಕಸ್ಟಮ್ ಕಂಟೆಂಟ್ ಆರಿಸಿ, ಉಯ್ಯಾಲೆ ಎದುರಿಗೇ ಬರುತ್ತದೆ. ಬಟ್ಟೆಯದು ಸ್ವಲ್ಪ ಬೇರೆ. ಸೀರೆ ಸಾಮಾನ್ಯವಾಗಿ ಫುಲ್ ಬಾಡಿ ವಿಭಾಗದಲ್ಲಿರುತ್ತದೆ, ಮಾಡಿದವರು ದೊಡ್ಡವರಿಗೆ ಎಂದು ಗುರುತು ಹಾಕಿದ್ದರೆ ಮಕ್ಕಳ ಸಿಮ್‌ಗೆ ಕಾಣುವುದಿಲ್ಲ. ಅದು ಫೈಲ್ ಕೆಟ್ಟಿರುವುದರ ಲಕ್ಷಣ ಅಲ್ಲ.

ಒಂದೇ ಸಲ ಇನ್ನೂರು ಫೈಲ್ ಸುರಿಯುವ ಆಸೆ ಎಲ್ಲರಿಗೂ ಬರುತ್ತದೆ. ಹತ್ತು ಹದಿನೈದು ಹಾಕಿ, ಆಡಿ ನೋಡಿ, ಮತ್ತೆ ಹಾಕಿ. ಎಳೆ ಎಳೆಯಾಗಿ ಹೊಳೆಯುವ ಆಲ್ಫಾ ಕೂದಲು ಚಿತ್ರದಲ್ಲಿ ಚೆಂದ, ಆದರೆ ಪಾಲಿಗಾನ್ ಭಾರ ಜಾಸ್ತಿ. ಸಾಧಾರಣ ಲ್ಯಾಪ್‌ಟಾಪ್ ಇದ್ದವರು ಗೇಮ್‌ನ ಶೈಲಿಗೇ ಹೊಂದುವ ಮ್ಯಾಕ್ಸಿಸ್ ಮ್ಯಾಚ್ ಆರಿಸಿಕೊಂಡರೆ ಆಟ ತಡವರಿಸುವುದಿಲ್ಲ.

ಕೆಟ್ಟಾಗ

ಅಪ್‌ಡೇಟ್ ಬಂದ ಮರುದಿನ ಎಲ್ಲ ಸಿಸಿ ಮಾಯ, ಸಿಮ್‌ಗಳ ತಲೆ ಬೋಳು. ಗಾಬರಿ ಬೇಡ: ಪ್ರತಿ ಪ್ಯಾಚ್ ಬಂದಾಗ ಗೇಮ್ ತಾನೇ ಗೇಮ್ ಆಪ್ಷನ್ಸ್‌ನಲ್ಲಿ ನೀವು ಹಾಕಿದ ಆ ಎರಡು ಟಿಕ್‌ಗಳನ್ನು ತೆಗೆದುಬಿಡುತ್ತದೆ. ಆ ಸ್ಥಿತಿಯಲ್ಲಿ ನಿಮ್ಮ ಮನೆ ತೆರೆದು ಸೇವ್ ಮಾತ್ರ ಮಾಡಬೇಡಿ. ಸೇವ್ ಮಾಡಿದರೆ ಸಿಸಿ ಸಾಮಾನು ಮನೆಯಿಂದ ಅಳಿದೇ ಹೋಗುತ್ತದೆ, ಆಮೇಲೆ ಟಿಕ್ ಹಾಕಿದರೂ ವಾಪಸ್ ಬರುವುದಿಲ್ಲ. ಪ್ಯಾಚ್ ಬಂದಾಗ ಎಲ್ಲಕ್ಕಿಂತ ಮೊದಲು ಕೆಡುವುದು ಸ್ಕ್ರಿಪ್ಟ್ ಮತ್ತು ಯುಐ (ತೆರೆಯ ಮೇಲಿನ ಮೆನು, ಬಟನ್ ಬದಲಿಸುವ) ಮಾಡ್‌ಗಳು. ಬಟ್ಟೆ, ಕುರ್ಚಿ ಬಹುಮಟ್ಟಿಗೆ ಉಳಿಯುತ್ತವೆ. ಆದರೂ 2023ರ ಮಾರ್ಚ್‌ನಲ್ಲಿ ಹಸುಗೂಸುಗಳನ್ನು ತಂದಂಥ ದೊಡ್ಡ ಅಪ್‌ಡೇಟ್ ಬಂದರೆ ತೊಟ್ಟಿಲಿನಂಥ ಸಾಮಾನಿಗೂ ಪೆಟ್ಟು ಬೀಳುತ್ತದೆ. ಹೊಸ ಆವೃತ್ತಿ ಹಾಕುವಾಗ ಹಳೆಯ ಫೈಲ್ ಅಳಿಸಿ. ಎಂಸಿಸಿಸಿಯಲ್ಲಿ ನಿಮ್ಮ ಸೆಟ್ಟಿಂಗ್ಸ್ ಇರುವ .ಸಿಎಫ್‌ಜಿ ಫೈಲನ್ನು ಮಾತ್ರ ಉಳಿಸಿಕೊಳ್ಳಿ.

ಸೀರೆಯ ಮೇಲೆ ಸೆರಗಿನ ಬದಲು ಪ್ರಶ್ನಾರ್ಥಕ ಚಿಹ್ನೆ, ಇಲ್ಲವೇ ಉಡಿಸಿದ ಕೂಡಲೇ ಮೈಯೇ ಮಾಯವಾದರೆ, ಬಹುಶಃ ನೀವು ಇಳಿಸಿದ್ದು ಬರೀ ರಿಕಲರ್. ಬಣ್ಣದ ಫೈಲ್ ಒಬ್ಬರದು, ಆಕಾರದ ಮೆಶ್ ಇನ್ನೊಬ್ಬರದು. ಡೌನ್‌ಲೋಡ್ ಪುಟದಲ್ಲಿ ಮೆಶ್ ಬೇಕು ಎಂದು ಕೊಂಡಿ ಕೊಟ್ಟಿರುತ್ತಾರೆ, ಅದನ್ನೂ ಇಳಿಸಿ. ಚರ್ಮ, ಕಣ್ಣಿನ ಡಿಫಾಲ್ಟ್ ರಿಪ್ಲೇಸ್‌ಮೆಂಟ್ ಗೇಮ್‌ನ ಮೂಲವನ್ನೇ ಬದಲಿಸುವುದರಿಂದ ಒಂದೊಂದು ಬಗೆಯಲ್ಲಿ ಒಂದೇ ಇರಬೇಕು. ಎರಡಿದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ. ಬ್ರೌಸರ್ ಎರಡನೇ ಸಲ ಇಳಿಸಿದ ಫೈಲಿನ ಹೆಸರಿನ ಕೊನೆಗೆ (1) ಸೇರಿಸಿರುತ್ತದೆ, ಅಂಥ ಜೋಡಿಗಳನ್ನೂ ಹುಡುಕಿ ಒಂದನ್ನು ತೆಗೆಯಿರಿ.

ಯಾವುದು ಕಾರಣ ಎಂದೇ ತಿಳಿಯದಿದ್ದರೆ ಅರ್ಧ-ಅರ್ಧ ಉಪಾಯ ಒಂದೇ ದಾರಿ. ಮೊದಲು ಮಾಡ್ಸ್ ಫೋಲ್ಡರ್ ಪೂರ್ತಿ ಹೊರಗಿಟ್ಟು ಆಡಿ. ಆಗಲೂ ತೊಂದರೆ ಇದ್ದರೆ ದೋಷ ಸಿಸಿಯದಲ್ಲ. ತೊಂದರೆ ಹೋದರೆ ಅರ್ಧ ಫೈಲುಗಳನ್ನು ವಾಪಸ್ ಹಾಕಿ ನೋಡಿ. ತೊಂದರೆ ಬಂದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಬರದಿದ್ದರೆ ಹೊರಗಿರುವ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಕಳ್ಳ ಒಬ್ಬನೇ ಆಗಿದ್ದರೆ ನಾನೂರು ಫೈಲ್‌ಗೂ ಒಂಬತ್ತು ಸುತ್ತು ಸಾಕು. ಪ್ರತಿ ಸುತ್ತಿಗೂ ದ ಸಿಮ್ಸ್ 4 ಫೋಲ್ಡರ್‌ನಲ್ಲಿರುವ ಲೋಕಲ್‌ಥಂಬ್‌ಕ್ಯಾಶ್.ಪ್ಯಾಕೇಜ್ ಅಳಿಸಿ, ಇಲ್ಲದಿದ್ದರೆ ಹಳೆಯ ಕ್ಯಾಶ್ (ಗೇಮ್ ಕೂಡಿಟ್ಟ ಹಿಂದಿನ ಮಾಹಿತಿ) ನಿಮ್ಮನ್ನು ದಾರಿ ತಪ್ಪಿಸುತ್ತದೆ. ಗೇಮ್ ಅದನ್ನು ತಾನೇ ಮತ್ತೆ ಮಾಡಿಕೊಳ್ಳುತ್ತದೆ. ಪರೀಕ್ಷೆ ಮಾಡುವುದು ಹೊಸ ಸೇವ್‌ನಲ್ಲಿ, ನಿಮ್ಮ ಕುಟುಂಬದ ಸೇವ್‌ನಲ್ಲಲ್ಲ. ಅದೇ ಫೋಲ್ಡರ್‌ನಲ್ಲಿ ಲಾಸ್ಟ್‌ಎಕ್ಸೆಪ್ಷನ್ ಎಂಬ ಫೈಲ್ ಬಿದ್ದಿದ್ದರೆ ಸ್ಕ್ರಿಪ್ಟ್ ಮಾಡ್ ಮೇಲೆಯೇ ಮೊದಲ ಅನುಮಾನ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕೆಲವೊಮ್ಮೆ ಆ ಮಾಡ್‌ನ ಹೆಸರೇ ಸಿಗುತ್ತದೆ.

ಸ್ಕ್ರಿಪ್ಟ್ ಎಂದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುವ ಪೈಥಾನ್ ಪ್ರೋಗ್ರಾಮ್ ಎಂಬುದು ನೆನಪಿರಲಿ. 2024ರ ಆರಂಭದಲ್ಲಿ ಹೆಸರುವಾಸಿ ಮಾಡ್‌ಗಳ ವೇಷ ಹಾಕಿದ ಸ್ಕ್ರಿಪ್ಟ್ ಫೈಲುಗಳಲ್ಲಿ ಮಾಲ್‌ವೇರ್ ಹರಡಿತ್ತು. ಮಾಡಿದವರ ಸ್ವಂತ ಪುಟದಿಂದಲೇ ಇಳಿಸಿ. ಬಟ್ಟೆ ಎಂದು ಹೇಳಿದ ಫೈಲಿನ ಜೊತೆ .ಟಿಎಸ್4ಸ್ಕ್ರಿಪ್ಟ್ ಅಥವಾ .ಇಎಕ್ಸ್ಇ ಬಂದಿದ್ದರೆ ಹಾಕದೆ ಅಳಿಸಿ. ಸೀರೆಗೆ ಸ್ಕ್ರಿಪ್ಟ್ ಬೇಕಿಲ್ಲ.

ಇಷ್ಟಾದರೂ ಮನೆ ಕೆಟ್ಟ ಸ್ಥಿತಿಯಲ್ಲಿ ಸೇವ್ ಆಗಿಬಿಟ್ಟಿದ್ದರೆ ಸೇವ್ಸ್ ಫೋಲ್ಡರ್ ನೋಡಿ. ಪ್ರತಿ ಸ್ಲಾಟ್ ಫೈಲಿನ ಪಕ್ಕದಲ್ಲಿ .ವರ್0ಯಿಂದ .ವರ್4ರವರೆಗೆ ಹಿಂದಿನ ಐದು ಪ್ರತಿಗಳಿರುತ್ತವೆ, 0 ತೀರಾ ಇತ್ತೀಚಿನದು. ಕೆಟ್ಟ .ಸೇವ್ ಫೈಲನ್ನು ಬೇರೆಡೆ ಇಟ್ಟು, ಕೆಡುವ ಮುಂಚಿನ ಪ್ರತಿಯ ಹೆಸರಿನಿಂದ .ವರ್ ಭಾಗ ಅಳಿಸಿ .ಸೇವ್‌ಗೆ ನಿಲ್ಲಿಸಿ, ಗೇಮ್ ತೆರೆಯಿರಿ.