ಡಾಂಗಲ್ ಚುಚ್ಚಿದ ಮೇಲೆ: ಕಂಪ್ಯೂಟರಿಗೆ 4ಜಿ ಮೋಡೆಮ್ ಜೋಡಿಸುವುದು ಹೇಗೆ?

ಫೈಬರ್ ಇನ್ನೂ ತಲುಪದ ಊರುಗಳಲ್ಲಿ, ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವ ಮಲೆನಾಡಿನ ಮನೆಗಳಲ್ಲಿ ಸಿಮ್ ಹಾಕುವ ಯುಎಸ್‌ಬಿ ಡಾಂಗಲ್ ಈಗಲೂ ಉಪಯೋಗಕ್ಕೆ ಬರುತ್ತದೆ. ಫೋನಿನ ಹಾಟ್‌ಸ್ಪಾಟ್ ಸಾಕಲ್ಲ ಎನ್ನುವವರಿದ್ದಾರೆ. ಒಂದೆರಡು ಗಂಟೆಗೆ ಸಾಕು. ದಿನವಿಡೀ ಹಾಕಿಟ್ಟರೆ ಫೋನು ಕಾಯುತ್ತದೆ, ಬ್ಯಾಟರಿ ಬೇಗ ಸವೆಯುತ್ತದೆ, ಫೋನ್ ಹಿಡಿದು ತೋಟಕ್ಕೆ ಹೋದವರ ಹಿಂದೆಯೇ ಮನೆಯ ನೆಟ್ಟೂ ಹೋಗುತ್ತದೆ.

ಡಾಂಗಲ್ ಜೋಡಿಸುವುದು ಕಾಲು ಗಂಟೆಯ ಕೆಲಸ. ಆದರೂ ಬಹಳ ಜನ ಇದರಲ್ಲಿ ದಿನಗಟ್ಟಲೆ ಒದ್ದಾಡುತ್ತಾರೆ. ಕಂಪ್ಯೂಟರ್ ಈ ಡಾಂಗಲನ್ನು ಏನೆಂದು ಗುರುತಿಸಿದೆ ಎಂದು ಮೊದಲು ನೋಡದೆ, ಕಣ್ಣಿಗೆ ಬಿದ್ದ ಸಾಫ್ಟ್‌ವೇರನ್ನೆಲ್ಲ ಇನ್‌ಸ್ಟಾಲ್ ಮಾಡುತ್ತ ಹೋಗುವುದೇ ಅದಕ್ಕೆ ಕಾರಣ.

ಕೊಳ್ಳುವ ಮೊದಲು

ಕಪಾಟಿನಲ್ಲಿರುವ ಹಳೆಯ 3ಜಿ ಡಾಂಗಲನ್ನು ಮರೆತುಬಿಡಿ. ಜಿಯೊ 2016ರಲ್ಲಿ ಶುರುವಾದದ್ದೇ 4ಜಿಯಿಂದ. ಏರ್‌ಟೆಲ್ 2020ರಲ್ಲಿ 3ಜಿ ಮುಚ್ಚಿತು. ಹೊಸದನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ 150 ಎಂಬಿಪಿಎಸ್ ನೋಡಬೇಡಿ, ಅದು ಕಾಗದದ ಮೇಲಿನ ಗರಿಷ್ಠ ವೇಗ. ನೋಡಬೇಕಾದ್ದು ಬ್ಯಾಂಡ್ ಸಂಖ್ಯೆ, ಅಂದರೆ ಡಾಂಗಲ್ ಯಾವ ರೇಡಿಯೊ ತರಂಗಪಟ್ಟಿಗಳನ್ನು ಹಿಡಿಯಬಲ್ಲದು ಎಂಬುದು. ಜಿಯೊಗೆ 3, 5, 40 ಬೇಕು. ಏರ್‌ಟೆಲ್‌ಗೆ 1, 3, 8, 40. ಬಿಎಸ್‌ಎನ್‌ಎಲ್‌ನ 4ಜಿ ಬೇಕಿದ್ದರೆ 28 ಮತ್ತು 1 ಇರಲೇಬೇಕು, ಹಳೆಯ ಮಾದರಿಗಳಲ್ಲಿ 28 ಸಿಗುವುದು ಅಪರೂಪ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಬಿಳಿ ಡಾಂಗಲ್‌ಗಳಲ್ಲಿ ಎಷ್ಟೋ ಸಲ ಬ್ಯಾಂಡ್ ಪಟ್ಟಿಯೇ ಇರುವುದಿಲ್ಲ. ಪಟ್ಟಿ ಕೊಡದ ಮಾಲನ್ನು ಕೊಳ್ಳಲೇಬೇಡಿ.

ಸೆಕೆಂಡ್ ಹ್ಯಾಂಡ್ ಆದರೆ ಎರಡು ಪರೀಕ್ಷೆ. ಒಂದು, ಅದು ಯಾವುದಾದರೂ ಕಂಪನಿಗೆ ಲಾಕ್ ಆಗಿದೆಯೇ ಎಂದು ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದು. ಎರಡು, ಡಾಂಗಲ್ ಮೇಲೆ ಅಚ್ಚಾದ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡುವುದು. ಕಳವಿನ ಮಾಲೆಂದು ಬ್ಲಾಕ್ ಆಗಿದ್ದರೆ ಯಾವ ನೆಟ್‌ವರ್ಕೂ ಅದನ್ನು ಸೇರಿಸಿಕೊಳ್ಳುವುದಿಲ್ಲ.

ಸಿಮ್ ಹಾಕುವುದು

ಸಿಮ್ಮನ್ನು ಮೊದಲು ಫೋನಿಗೆ ಹಾಕಿ, ವೈಫೈ ಆಫ್ ಮಾಡಿ, ಒಂದು ಪುಟ ತೆರೆದು ನೋಡಿ. ಡೇಟಾ ಪ್ಯಾಕ್ ಇದೆಯೇ, ಸಿಮ್ ಸಕ್ರಿಯವಾಗಿದೆಯೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಫೋನಿನ ಸೆಟಿಂಗ್ಸ್‌ನಲ್ಲಿ ಸಿಮ್ ಪಿನ್ ಲಾಕ್ ಇದ್ದರೆ ತೆಗೆದುಬಿಡಿ. ಮೂರು ಸಲ ತಪ್ಪು ಪಿನ್ ಹೊಡೆದರೆ ಪಿಯುಕೆ (ಲಾಕ್ ಆದ ಸಿಮ್ ಬಿಡಿಸುವ ಸಂಖ್ಯೆ) ಕೇಳುತ್ತದೆ, ಪಿಯುಕೆಯನ್ನೂ ಹತ್ತು ಸಲ ತಪ್ಪಿದರೆ ಆ ಸಿಮ್ ಕಸಕ್ಕೆ.

ಡಾಂಗಲ್‌ನ ಗೂಡು ದೊಡ್ಡದಿದ್ದು ಸಿಮ್ ನ್ಯಾನೊ ಆಗಿದ್ದರೆ ಅಡಾಪ್ಟರ್ ಚೌಕಟ್ಟು ಬೇಕು. ತಳವಿಲ್ಲದ ಬರಿಯ ಚೌಕಟ್ಟು ಬಳಸಬೇಡಿ. ಹೊರತೆಗೆಯುವಾಗ ಸಿಮ್ ಒಳಗೇ ಉಳಿದು ಚೌಕಟ್ಟು ಮಾತ್ರ ಜಾರುತ್ತದೆ, ಎಳೆದರೆ ಒಳಗಿನ ತೆಳು ಸ್ಪ್ರಿಂಗ್ ಪಿನ್ನುಗಳು ಚೌಕಟ್ಟಿನ ಅಂಚಿಗೆ ಸಿಕ್ಕಿ ಮುರಿಯುತ್ತವೆ. ಅಂಥದ್ದೇ ಇದ್ದರೆ ಬಂಗಾರದ ಬಣ್ಣದ ಬದಿಯನ್ನು ಬಿಟ್ಟು, ಹಿಂಬದಿಗೆ ತೆಳುವಾದ ಸೆಲ್ಲೋಟೇಪ್ ಅಂಟಿಸಿ. ಸಿಮ್ ಬದಲಿಸುವಾಗೆಲ್ಲ ಡಾಂಗಲ್ ಕಂಪ್ಯೂಟರಿನಿಂದ ಹೊರಗಿರಲಿ.

ಕಂಪ್ಯೂಟರಿಗೆ ಕಂಡದ್ದೇನು?

ತೊಡಕೆಲ್ಲ ಇಲ್ಲೇ. ಡಾಂಗಲನ್ನು ನೇರವಾಗಿ ಲ್ಯಾಪ್‌ಟಾಪಿನ ಪೋರ್ಟಿಗೆ ಚುಚ್ಚಿ, ಎರಡು ನಿಮಿಷ ಏನನ್ನೂ ಮುಟ್ಟದೆ ಬಿಡಿ. ಕರೆಂಟಿನ ಅಡಾಪ್ಟರ್ ಇಲ್ಲದ ಹಬ್ ಬೇಡ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್. ಸಿಗ್ನಲ್ ದುರ್ಬಲವಿದ್ದಾಗ ಡಾಂಗಲ್ ಹೆಚ್ಚು ಶಕ್ತಿ ಎಳೆಯುತ್ತದೆ, ಹಬ್ಬಿನಲ್ಲಿ ಅದು ಸಾಲದೆ ಡಾಂಗಲ್ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಜನ ಇದನ್ನು ನೆಟ್‌ವರ್ಕಿನ ದೋಷವೆಂದುಕೊಳ್ಳುತ್ತಾರೆ.

ಎರಡು ನಿಮಿಷದ ನಂತರ ವಿಂಡೋಸ್‌ನ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಾಂಗಲ್ ಮೂರು ವೇಷಗಳಲ್ಲಿ ಒಂದರಲ್ಲಿ ಕಾಣಿಸುತ್ತದೆ.

ಬರೀ ಸಿಡಿ ಡ್ರೈವ್ ಆಗಿ ಕಂಡರೆ ಗಾಬರಿ ಬೇಡ. ಡ್ರೈವರ್ (ಡಾಂಗಲನ್ನು ನಡೆಸಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್) ಇಳಿಸಿಕೊಳ್ಳಲು ನೆಟ್ ಇಲ್ಲದ ಕಂಪ್ಯೂಟರಿಗೂ ಸಿಗಲೆಂದು ತಯಾರಕರು ಅದನ್ನು ಡಾಂಗಲ್‌ನ ಹೊಟ್ಟೆಯಲ್ಲೇ ಇಟ್ಟಿರುತ್ತಾರೆ, ಹಾಗಾಗಿ ಮೊದಲು ಸಿಡಿಯಂತೆ ತೋರುತ್ತದೆ. ಡ್ರೈವರ್ ಕೂತ ಮೇಲೆ ಒಂದು ಆದೇಶ ಹೋಗಿ ಅದು ಮೋಡೆಮ್ ಆಗಿ ಬದಲಾಗುತ್ತದೆ. ತಾನಾಗಿ ಬದಲಾಗದಿದ್ದರೆ ಆ ಸಿಡಿಯನ್ನು ತೆರೆದು ಡ್ರೈವರ್ ಸೆಟಪ್ ಒಂದನ್ನೇ ಓಡಿಸಿ, ಡಾಂಗಲ್ ತೆಗೆದು ಮತ್ತೆ ಚುಚ್ಚಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಜಾಲತಾಣಗಳ ಹತ್ತಿರ ಸುಳಿಯಬೇಡಿ, ತಯಾರಕರ ತಾಣ ಬಿಟ್ಟು ಬೇರೆಡೆಯಿಂದ ಯಾವುದನ್ನೂ ಇಳಿಸಿಕೊಳ್ಳಬೇಡಿ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಡ್ರೈವರ್ ಕೂರುವುದೇ ಇಲ್ಲ, ಅವುಗಳಿಗೆ ವೈಫೈ ಹಂಚುವ ಡಾಂಗಲ್ ಸುಲಭದ ದಾರಿ. ಉಬುಂಟು ಬಳಸುವವರಿಗೆ ಈ ಬದಲಾವಣೆಯನ್ನು ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪ್ಯಾಕೇಜು ತಾನೇ ಮಾಡುತ್ತದೆ. ಮಾಡದಿದ್ದರೆ ಫೈಲ್ ಮ್ಯಾನೇಜರಿನಲ್ಲಿ ಕಾಣುವ ಸಿಡಿಯನ್ನು ಇಜೆಕ್ಟ್ ಮಾಡಿ ನೋಡಿ, ಅನೇಕ ಮಾದರಿಗಳು ಅಷ್ಟಕ್ಕೇ ಬದಲಾಗುತ್ತವೆ.

ಎರಡನೆಯ ವೇಷ ನೆಟ್‌ವರ್ಕ್ ಅಡಾಪ್ಟರ್. ರಿಮೋಟ್ ಎನ್‌ಡಿಐಎಸ್ ಎಂಬ ಹೆಸರು ಆ ಪಟ್ಟಿಯಲ್ಲಿ ಕಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಇದರಲ್ಲಿ ಡಾಂಗಲ್ ತಾನೇ ಒಂದು ಪುಟ್ಟ ರೂಟರ್. ಸಂಪರ್ಕ ಸಾಧಿಸುವುದು ಅದರ ಕೆಲಸ, ಕಂಪ್ಯೂಟರಿಗೆ ಅದು ಲ್ಯಾನ್ ತಂತಿಯಿದ್ದಂತೆ. ಕೊಳ್ಳುವವರು ಈ ಬಗೆಯದ್ದನ್ನೇ ಕೊಳ್ಳಿ.

ಮೂರನೆಯದು ಹಳೆಯ ಪದ್ಧತಿ: ಮೋಡೆಮ್ಸ್ ಮತ್ತು ಪೋರ್ಟ್ಸ್ ಎಂಬ ತಲೆಬರಹಗಳ ಕೆಳಗೆ ಕಾಣುತ್ತದೆ. ಇದಕ್ಕೆ ಡಯಲ್ ಮಾಡಬೇಕು. ಸೆಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಡಯಲ್-ಅಪ್ ಆರಿಸಿ ಹೊಸ ಸಂಪರ್ಕ ಮಾಡಿ, ಸಂಖ್ಯೆಯ ಜಾಗದಲ್ಲಿ *99# ಹಾಕಿ, ಬಳಕೆದಾರ ಹೆಸರು, ಪಾಸ್‌ವರ್ಡ್ ಖಾಲಿ ಬಿಡಿ. (ಇದೇ ಸಂಖ್ಯೆಯನ್ನು ಫೋನಿನಿಂದ ಒತ್ತಿದರೆ ಬ್ಯಾಂಕ್ ಸೇವೆ ತೆರೆಯುತ್ತದೆ. ಡಾಂಗಲ್‌ನಲ್ಲಿ ಅದು ಮೋಡೆಮ್‌ಗೆ ಮಾತ್ರ ಕೊಡುವ ಸೂಚನೆ, ಹೆದರಬೇಕಿಲ್ಲ.) ದೋಷ ಸಂಖ್ಯೆ 633 ಬಂದರೆ ಮೋಡೆಮ್ಮನ್ನು ಬೇರೆ ಪ್ರೋಗ್ರಾಂ ಹಿಡಿದುಕೊಂಡಿದೆ ಎಂದರ್ಥ. ಸಾಮಾನ್ಯವಾಗಿ ಅದು ಡಾಂಗಲ್ ಜತೆ ಬಂದ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರೇ ಆಗಿರುತ್ತದೆ. ಡ್ರೈವರ್ ಉಳಿಸಿಕೊಂಡು ಅದೊಂದನ್ನು ತೆಗೆದುಹಾಕಿ.

ಎಪಿಎನ್

ನೆಟ್‌ವರ್ಕ್ ಅಡಾಪ್ಟರ್ ಬಗೆಯಾದರೆ ಬ್ರೌಸರಿನ ವಿಳಾಸ ಪಟ್ಟಿಯಲ್ಲಿ ಡಾಂಗಲ್‌ನ ವಿಳಾಸ ಟೈಪ್ ಮಾಡಿ. ಹುವಾವೆ ಮಾದರಿಗಳಿಗೆ 192.168.8.1, ಉಳಿದವಕ್ಕೆ ಡಾಂಗಲ್ ಮುಚ್ಚಳದ ಒಳಗಿನ ಚೀಟಿ ನೋಡಿ. ಲಾಗಿನ್ ಪಾಸ್‌ವರ್ಡೂ ಅಲ್ಲೇ ಇರುತ್ತದೆ, ಒಳಗೆ ಹೋದವರು ಮೊದಲು ಅದನ್ನು ಬದಲಿಸಿ.

ಪ್ರೊಫೈಲ್ ವಿಭಾಗದಲ್ಲಿ ಎಪಿಎನ್, ಅಂದರೆ ಕಂಪನಿಯ ಡೇಟಾ ಜಾಲಕ್ಕೆ ಹೋಗುವ ಬಾಗಿಲಿನ ಹೆಸರು, ತುಂಬಬೇಕು. ಎಲ್ಲವೂ ಸಣ್ಣ ಇಂಗ್ಲಿಷ್ ಅಕ್ಷರ, ನಡುವೆ ಜಾಗ ಬೇಡ. ಜಿಯೊಗೆ ಜೆ-ಐ-ಒ-ಎನ್-ಇ-ಟಿ. ಏರ್‌ಟೆಲ್‌ಗೆ ಕಂಪನಿಯ ಹೆಸರಿನ ಬೆನ್ನಿಗೇ ಜಿಪಿಆರ್‌ಎಸ್, ಆಮೇಲೆ ಡಾಟ್ ಕಾಮ್. ಬಿಎಸ್‌ಎನ್‌ಎಲ್‌ಗೆ ಕಂಪನಿ ಹೆಸರಿನ ಬೆನ್ನಿಗೇ ಎನ್-ಇ-ಟಿ. ಐಪಿ ಬಗೆಯಲ್ಲಿ ಐಪಿವಿ4 ಮತ್ತು ಐಪಿವಿ6 ಎರಡೂ ಇರುವ ಆಯ್ಕೆ ಇರಲಿ. ಸೇವ್ ಮಾಡಿದರಷ್ಟೇ ಸಾಲದು, ಹೊಸ ಪ್ರೊಫೈಲನ್ನು ಡೀಫಾಲ್ಟ್ ಎಂದು ಆರಿಸಬೇಕು. ಆರಿಸದಿದ್ದರೆ ಡಾಂಗಲ್ ಹಳೆಯ ಕಂಪನಿಯ ಎಪಿಎನ್‌ನಲ್ಲೇ ಯತ್ನಿಸುತ್ತಿರುತ್ತದೆ, ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದರೂ ಒಂದು ಪುಟವೂ ತೆರೆಯುವುದಿಲ್ಲ. ಡಯಲ್ ಬಗೆಗೆ ಈ ಹೆಸರನ್ನು ಡಿವೈಸ್ ಮ್ಯಾನೇಜರಿನಲ್ಲಿ ಮೋಡೆಮ್‌ನ ಪ್ರಾಪರ್ಟೀಸ್‌ಗೆ ಹೋಗಿ, ಅಡ್ವಾನ್ಸ್ಡ್ ಟ್ಯಾಬಿನ ಹೆಚ್ಚುವರಿ ಆರಂಭಿಕ ಆದೇಶದಲ್ಲಿ ಕೊಡಬೇಕು.

ನೆಟ್‌ವರ್ಕ್ ಮೋಡ್ ಅನ್ನು ಆಟೋ ಬಿಟ್ಟು 4ಜಿ ಮಾತ್ರ ಎಂದು ಇಡಿ. ಇನ್ನೊಂದು ಸೂಕ್ಷ್ಮವಿದೆ: ಕಾಸರಗೋಡಿನಲ್ಲಿ ಕೊಂಡ ಸಿಮ್ ಕೇರಳ ಟೆಲಿಕಾಂ ವೃತ್ತದ್ದು. ಅದನ್ನು ಮಂಗಳೂರಿಗೆ ತಂದಾಗ ಡಾಂಗಲ್ ಅದನ್ನು ರೋಮಿಂಗ್ ಎಂದು ತಿಳಿದು ಡೇಟಾ ತಡೆಯಬಹುದು. ಅದೇ ಪುಟದಲ್ಲಿರುವ ಡೇಟಾ ರೋಮಿಂಗ್ ಆನ್ ಮಾಡಿ. ದೇಶದೊಳಗೆ ಇದಕ್ಕೆ ಹೆಚ್ಚಿನ ದುಡ್ಡು ಬೀಳುವುದಿಲ್ಲ.

ಆದರೂ ಬರಲಿಲ್ಲವೇ?

ಡಾಂಗಲ್‌ನ ಪುಟವೇ ತೆರೆಯದಿದ್ದರೆ ಕಂಪ್ಯೂಟರಿನ ಐಪಿ ವಿಳಾಸ ನೋಡಿ. 169.254ರಿಂದ ಶುರುವಾಗಿದ್ದರೆ ಡಾಂಗಲ್ ವಿಳಾಸ ಕೊಟ್ಟಿಲ್ಲ, ತೆಗೆದು ಬೇರೆ ಪೋರ್ಟಿಗೆ ಹಾಕಿ. ಪುಟ ತೆರೆದು ಸಿಮ್ ಇಲ್ಲ ಎಂದರೆ ಗೂಡನ್ನು ನೋಡಿ. ಕನೆಕ್ಟೆಡ್ ಎಂದಿದ್ದೂ ನೆಟ್ ಇಲ್ಲದಿದ್ದರೆ ಎಪಿಎನ್, ಇಲ್ಲವೇ ಮುಗಿದ ಪ್ಯಾಕ್. ಮನೆಯ ವೈಫೈಗೂ ಡಾಂಗಲ್‌ಗೂ ಒಂದೇ ವಿಳಾಸ ಸರಣಿಯಿದ್ದರೆ ಜಗಳ ಬೀಳುತ್ತದೆ, ಪರೀಕ್ಷೆ ಮುಗಿಯುವವರೆಗೆ ವೈಫೈ ಆಫ್ ಮಾಡಿಡಿ.

ನಿಧಾನವಿದ್ದರೆ ಕಡ್ಡಿಗಳನ್ನು ನಂಬಬೇಡಿ. ಡಾಂಗಲ್ ಪುಟದ ಮಾಹಿತಿ ವಿಭಾಗದಲ್ಲಿ ಆರ್‌ಎಸ್‌ಆರ್‌ಪಿ ಎಂಬ, ಸಿಗ್ನಲ್ಲಿನ ಬಲ ಹೇಳುವ ಅಂಕಿ ಇರುತ್ತದೆ. ಮೈನಸ್ 85ರ ಆಸುಪಾಸು ಚೆನ್ನ, ಮೈನಸ್ 100 ಸುಮಾರು, ಮೈನಸ್ 110 ದಾಟಿದರೆ ಕಷ್ಟ. ಜತೆಗಿರುವ ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಎಂಬ ಅಂಕಿ) 10ಕ್ಕಿಂತ ಮೇಲಿರಲಿ. ಮೀಟರ್ ಉದ್ದದ ಒಳ್ಳೆಯ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಡಾಂಗಲನ್ನು ಟವರ್ ಇರುವ ದಿಕ್ಕಿನ ಕಿಟಕಿಗೆ ಒಯ್ಯಿರಿ, ಅಂಗೈಯಗಲ ಸರಿಸುತ್ತ ಅಂಕಿ ನೋಡಿ. ತಗಡಿನ ಚಾವಣಿಯ ಕೆಳಗಿಂತ ಹೆಂಚಿನ ಕೆಳಗೆ ಸಿಗ್ನಲ್ ಮೇಲು. ಕೇಬಲ್ ಮೂರು ಮೀಟರ್ ಮೀರಿದರೆ ವಿದ್ಯುತ್ ಒತ್ತಡ ಕುಸಿದು ಮತ್ತೆ ಆರುವ ರೋಗ ಶುರು. ಲ್ಯಾಪ್‌ಟಾಪಿನ ನೀಲಿ ಯುಎಸ್‌ಬಿ 3 ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಓಡುತ್ತಿದ್ದರೆ ಅದರ ಗದ್ದಲ 2.4 ಗಿಗಾಹರ್ಟ್ಸ್ ಸುತ್ತ ಹರಡುತ್ತದೆ. ಬ್ಯಾಂಡ್ 40 ಇರುವುದು ಅದರ ಪಕ್ಕದಲ್ಲೇ, 2300ರಿಂದ 2400 ಮೆಗಾಹರ್ಟ್ಸ್‌ನಲ್ಲಿ. ಎರಡನ್ನೂ ದೂರ ಇಡಿ. ಹೊರಗಿನ ಆಂಟೆನಾ ಕೊಳ್ಳುವವರು ಸಾಕೆಟ್ ಸಿಆರ್‌ಸಿ9 ಹೌದೋ ಟಿಎಸ್9 ಹೌದೋ ಖಚಿತ ಮಾಡಿಕೊಳ್ಳಿ. ನೋಡಲು ಹೋಲುತ್ತವೆ, ಒತ್ತಿ ತುರುಕಿದರೆ ಸಾಕೆಟ್ ಕೀಳುತ್ತದೆ.

ನೆಟ್ ಬಂದ ಕೂಡಲೇ

ಬ್ರೌಸರ್ ತೆರೆಯುವ ಮೊದಲು ವಿಂಡೋಸ್ ಸೆಟಿಂಗ್ಸ್‌ಗೆ ಹೋಗಿ ಈ ಸಂಪರ್ಕವನ್ನು ಮೀಟರ್ಡ್, ಅಂದರೆ ಡೇಟಾಕ್ಕೆ ಮಿತಿ ಇರುವಂಥದ್ದು, ಎಂದು ಗುರುತಿಸಿ. ಇದನ್ನು ಬಿಟ್ಟರೆ ದಿನದ ಒಂದೂವರೆ ಜಿಬಿ ಪ್ಯಾಕನ್ನು ವಿಂಡೋಸ್ ಅಪ್‌ಡೇಟ್ ಒಂದೇ ನುಂಗಿಬಿಡಬಹುದು. ಒನ್‌ಡ್ರೈವ್, ಗೂಗಲ್ ಡ್ರೈವ್‌ನಂಥವನ್ನೂ ತಾತ್ಕಾಲಿಕವಾಗಿ ನಿಲ್ಲಿಸಿಡಿ.

ಡಾಂಗಲ್‌ಗೆ ಹಾಕಿದ ಸಿಮ್‌ಗೆ ಬರುವ ಎಸ್ಸೆಮ್ಮೆಸ್‌ಗಳು ಡಾಂಗಲ್ ಪುಟದ ಎಸ್ಸೆಮ್ಮೆಸ್ ವಿಭಾಗದಲ್ಲಿ ಬೀಳುತ್ತವೆ. ರೀಚಾರ್ಜ್ ಆ್ಯಪ್‌ನ ಒಟಿಪಿಯೂ ಅಲ್ಲಿಗೇ ಬರುತ್ತದೆ. ಪೆಟ್ಟಿಗೆ ತುಂಬಿದರೆ ಹೊಸದು ಒಳಗೆ ಬರುವುದಿಲ್ಲ, ತಿಂಗಳಿಗೊಮ್ಮೆ ಖಾಲಿ ಮಾಡಿ. ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರಿನ ಸಿಮ್ಮನ್ನಂತೂ ಡಾಂಗಲ್‌ಗೆ ಹಾಕಲೇಬೇಡಿ.