ಡಿಸ್ನಿ ವರ್ಲ್ಡ್‌ಗೆ ಎರಡು ಕಡೆ ಬಿಡಾರ: ನನ್ನ ಅನುಭವ

ಡಿಸ್ನಿ ವರ್ಲ್ಡ್ ನೋಡೋಕೆ ಫ್ಲೋರಿಡಾದ ಆರ್ಲ್ಯಾಂಡೊಗೆ ಹೊರಟಾಗಲೆಲ್ಲ ನಮ್ಮ ಬಳಗದಲ್ಲಿ ಒಂದೇ ವಾದ. ಡಿಸ್ನಿ ಒಳಗಿನ ಹೋಟೆಲ್ಲೋ, ಹೊರಗೆ ಪಕ್ಕದ ಊರು ಕಿಸಿಮ್ಮಿಯಲ್ಲಿ ಬಾಡಿಗೆ ಮನೆಯೋ? ನಾನು ಎರಡೂ ಅಂದೆ. ಮೊದಲು ಮನೆ, ಕೊನೆಯ ಎರಡು ರಾತ್ರಿ ಹೋಟೆಲ್. ನನ್ನ ಷಡ್ಡಕರು ನಕ್ಕುಬಿಟ್ಟರು. "ವಯಸ್ಸಾದವರನ್ನ ಕರ್ಕೊಂಡು ಮಧ್ಯದಲ್ಲಿ ಗಂಟುಮೂಟೆ ಕಟ್ತೀರಾ? ಬೇಡದ ಉಸಾಬರಿ" ಅಂದರು. ಈಗ ಅವರೇ ನನ್ನ ಎಕ್ಸೆಲ್ ಶೀಟ್ ಇಸ್ಕೊಂಡಿದ್ದಾರೆ.

ಹಿಂದೆ ಪೂರ್ತಿ ಒಳಗೇ ಇದ್ದು ನೋಡಿದ್ದೆವು. ಡಿಸ್ನಿಯದೇ ಹೋಟೆಲ್ ಪಾಪ್ ಸೆಂಚುರಿಯಲ್ಲಿ ಒಂದು ರೂಮಿಗೆ ನಾಲ್ಕೇ ಜನ. ಅಪ್ಪ ಅಮ್ಮ ಸೇರಿ ನಾವು ಆರು, ಹಾಗಾಗಿ ಎರಡು ರೂಮು. ಟ್ಯಾಕ್ಸ್ ಸೇರಿ ರಾತ್ರಿಗೆ ಹತ್ತಿರ ಹತ್ತಿರ 500 ಡಾಲರ್. ಅಡುಗೆಮನೆ ಇಲ್ಲ. "ಒಂದಿಷ್ಟು ತಿಳಿಸಾರು ಅನ್ನ ಸಿಕ್ಕಿದ್ರೆ ಸಾಕಿತ್ತು ಕಣೋ" ಅಂತ ಅಮ್ಮ ಪಿಜ್ಜಾದ ಅಂಚು ಕಿತ್ತು ತಿನ್ನುತ್ತಿದ್ದರು.

ಆಮೇಲೆ ಪೂರ್ತಿ ಹೊರಗೆ. ಮನೆ ರಾತ್ರಿಗೆ 160 ಅಂತ ತೋರಿಸಿತ್ತು. ಕ್ಲೀನಿಂಗ್ ಫೀ, ಸರ್ವಿಸ್ ಫೀ, ಕಿಸಿಮ್ಮಿ ಇರುವ ಆಸಿಯೋಲಾ ಕೌಂಟಿಯ 13.5% ಟ್ಯಾಕ್ಸ್ ಸೇರಿ 230ರ ಹತ್ತಿರ ಬಂತು. ಪಾರ್ಕಿಂಗ್ ದಿನಕ್ಕೆ 30 ಬೇರೆ. ದುಡ್ಡಾದರೂ ಹೋಗಲಿ, ಸುಸ್ತು ಮಾಡಿದ್ದು ಡಿಸ್ನಿಯ ಮುಖ್ಯ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್. ಕಾರು ನಿಲ್ಲಿಸೋದು ಒಂದು ಕಡೆ, ಪಾರ್ಕಿನ ಗೇಟು ಕೆರೆಯ ಆಚೆ. ಮಾನೊರೈಲ್ ಇಲ್ಲಾ ಫೆರ್ರಿ ಹಿಡಿದು ಗೇಟು ಮುಟ್ಟುವಷ್ಟರಲ್ಲಿ ಅಪ್ಪನ ಮಂಡಿ ಮುಷ್ಕರ ಹೂಡಿತ್ತು. ಒಳಗಿನ ಹೋಟೆಲ್ ಬಸ್ಸಾದರೆ ಗೇಟಿನ ಪಕ್ಕದಲ್ಲೇ ಇಳಿಸುತ್ತೆ.

ಮಧ್ಯೆ ಡಿಸ್ನಿಯ ಅಂಗಡಿ-ಊಟದ ತಾಣ ಡಿಸ್ನಿ ಸ್ಪ್ರಿಂಗ್ಸ್ ಪಕ್ಕದ, ಡಿಸ್ನಿಯದಲ್ಲದ ಹೋಟೆಲ್ ಒಂದನ್ನೂ ಪರೀಕ್ಷೆ ಮಾಡಿದೆ. ಡಿಸ್ನಿ ಹೋಟೆಲಿನವರ ಹಾಗೆ ಅಲ್ಲಿನವರಿಗೂ ಪಾರ್ಕಿಗೆ ಅರ್ಧ ಗಂಟೆ ಮೊದಲೇ ಪ್ರವೇಶ ಉಂಟು. ಆದರೆ ರೆಸಾರ್ಟ್ ಫೀ, ಹೋಟೆಲ್ ಪಾರ್ಕಿಂಗ್ ಅಂತ ಬಿಲ್ಲು ಬೆಳೀತಾ ಹೋಯಿತು. ಇಬ್ಬರೇ ಹೋಗೋದಾದ್ರೆ ನೋಡಿ.

ಲೆಕ್ಕ ಕೂತಿದ್ದು ಹೀಗೆ. ಒಳಗಿನ ಹೋಟೆಲ್ ಸವಲತ್ತು ಚೆಕ್-ಇನ್ ದಿನವೂ ಸಿಗುತ್ತೆ, ಚೆಕ್-ಔಟ್ ದಿನವೂ ಸಿಗುತ್ತೆ. ಎರಡು ರಾತ್ರಿಗೆ ದುಡ್ಡು, ಮೂರು ದಿನದ ಅನುಕೂಲ. ಪಾರ್ಕುಗಳ ಪಾರ್ಕಿಂಗೂ ಅಷ್ಟು ದಿನ ಫ್ರೀ. ದುಡ್ಡು ಕೊಟ್ಟು ಉದ್ದ ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಬುಕಿಂಗ್ ಹೊರಗಿನವರಿಗೆ ಮೂರು ದಿನ ಮುಂಚೆ ತೆರೆದರೆ, ಒಳಗಿನವರಿಗೆ ಏಳು ದಿನ ಮುಂಚೆ.

ಮನೆ ಬದಲಾಯಿಸುವ ದಿನ ಹಾಳಾಗುತ್ತೆ ಅನ್ನೋದೇ ಷಡ್ಡಕರ ವಾದ ಅಲ್ವಾ? ಅದಕ್ಕೆ ಔಷಧಿ ವಾಟರ್ ಪಾರ್ಕ್. 2025ರಲ್ಲಿ ಚೆಕ್-ಇನ್ ದಿನ ಹೋಟೆಲ್ ಅತಿಥಿಗಳಿಗೆ ಅದು ಫ್ರೀ ಇತ್ತು. ಬೆಳಗ್ಗೆ ಮನೆ ಖಾಲಿ ಮಾಡಿ, ಲಗೇಜನ್ನು ಹೋಟೆಲ್ ಬೆಲ್ ಡೆಸ್ಕ್‌ಗೆ ಒಪ್ಪಿಸಿ, ಮಕ್ಕಳನ್ನು ನೀರಿಗೆ ಬಿಟ್ಟೆ. ಅಪ್ಪ ಅಮ್ಮ ಲಾಬಿಯ ಎಸಿಯಲ್ಲಿ ನಿದ್ದೆ ತೆಗೆದರು. ಮರುದಿನ ಮ್ಯಾಜಿಕ್ ಕಿಂಗ್‌ಡಮ್, ಬೇಗ ಒಳಗೆ ಹೋಗಿ ಸೀದಾ ಸೆವೆನ್ ಡ್ವಾರ್ಫ್ಸ್ ರೈಡ್. ಚೆಕ್-ಔಟ್ ದಿನ ಸ್ಕೈಲೈನರ್ ಅನ್ನೋ ಕೇಬಲ್ ಕಾರ್ ಹತ್ತಿ ಇನ್ನೊಂದು ಪಾರ್ಕ್ ಹಾಲಿವುಡ್ ಸ್ಟುಡಿಯೋಸ್. ಗುಡುಗು ಮಿಂಚು ಬಂದರೆ ಸ್ಕೈಲೈನರ್ ನಿಂತುಬಿಡುತ್ತೆ, ಫ್ಲೋರಿಡಾ ಬೇಸಿಗೆಯಲ್ಲಿ ಅದು ಮಧ್ಯಾಹ್ನದ ಪಾಡು. ಬೆಳಗ್ಗೆಯೇ ಹೊರಡಿ.

ಊಟದ ವಿಷಯ. ಪಾರ್ಕಿನೊಳಗೆ ಮನೆ ತಿಂಡಿ ಒಯ್ಯಬಹುದು, ಗಾಜಿನ ಡಬ್ಬಿ ಇರಬಾರದು. ಬಾಡಿಗೆ ಮನೆಯಲ್ಲಿ ಅಮ್ಮ ಪುಳಿಯೋಗರೆ ಗೊಜ್ಜಿಗೆ ಒಗ್ಗರಣೆ ಹಾಕಿದ್ದೇ ತಡ, ಒಣಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಅಪ್ಪ ಕುರ್ಚಿ ಹತ್ತಿ ಬಾತ್ ಟವೆಲ್ ಬೀಸುತ್ತಾ ನಿಂತರು. ಆದರೆ ಅದೇ ಗೊಜ್ಜು ಹೋಟೆಲ್‌ನ ಎರಡು ದಿನ ನಮ್ಮನ್ನು ಕಾಪಾಡಿತು. ಅನ್ನ ಕಲಸಿ ರೂಮಿನ ಫ್ರಿಜ್ಜಿನಲ್ಲಿಟ್ಟೆವು, ಬಿಸಿ ಮಾಡೋಕೆ ಫುಡ್ ಕೋರ್ಟಿನ ಮೈಕ್ರೋವೇವ್. ಬರೀ ಊಟದಲ್ಲೇ 300-400 ಉಳೀತು.

ಒಂದು ವಾರ ಪೂರ್ತಿ ಒಳಗಿದ್ದಿದ್ದರೆ ವಸತಿಗೇ 3,500 ಆಗುತ್ತಿತ್ತು. ನಮಗೆ 2,200ರ ಆಸುಪಾಸಿನಲ್ಲಿ ಮುಗಿಯಿತು. ಆ ಮನೆ ಯಾವುದು, ಕ್ಲೀನಿಂಗ್ ಫೀ ಹೇಗೆ ಇಳಿಸಿದೆ ಅಂತ ಮಾತ್ರ ಕೇಳಬೇಡಿ. ಹೇಳಿದರೆ ಮುಂದಿನ ವರ್ಷ ನಮಗೇ ಸಿಗಲ್ಲ.

ಈಗ ಇದೇ ಲೆಕ್ಕವನ್ನು ಆರ್ಲ್ಯಾಂಡೊದ ಇನ್ನೊಂದು ಪಾರ್ಕ್ ಸಮೂಹ ಯೂನಿವರ್ಸಲ್‌ಗೆ ಹಾಕ್ತಿದ್ದೇನೆ. ಅಲ್ಲಿ ರಾಯಲ್ ಪೆಸಿಫಿಕ್‌ನಂಥ ದುಬಾರಿ ಹೋಟೆಲ್‌ನಲ್ಲಿ ಒಂದು ರಾತ್ರಿ ಉಳಿದರೆ ಎರಡು ದಿನ ಎಕ್ಸ್‌ಪ್ರೆಸ್ ಪಾಸ್ (ಸಾಲು ತಪ್ಪಿಸುವ ಪಾಸ್) ಜೊತೆಗೇ ಬರುತ್ತೆ. ಅವರ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್‌ಗೆ ಮಾತ್ರ ಅದು ನಡೆಯಲ್ಲ.